ಪತ್ರಾಸಿನ ಮೇಲಿನ ಕಲ್ಲು ಮತ್ತು ನಮ್ಮ ಛಾವಣಿಯ ಲೆಕ್ಕ



ಮಿರಗದ ಮಳೆಗೆ ಇನ್ನು ಎರಡು ತಿಂಗಳೂ ಪೂರಾ ಉಳಿದಿಲ್ಲ. ಜಯಂತಿ ಮೆರವಣಿಗೆ, ಡಿಜೆ, ಬ್ಯಾನರ್ ಬಗ್ಗೆ ಎಲ್ಲರೂ ಬರೆದಿದ್ದೀರಿ, ಓದಿದ್ದೀನಿ. ನಾನು ಈ ಸಲ ಛಾವಣಿ ಬಗ್ಗೆ ಬರೀತೀನಿ. ಪೋಸ್ಟ್ ಉದ್ದ ಐತಿ, ಲೆಕ್ಕಾನೂ ಭಾಳ ಐತಿ. ಪುರುಸೊತ್ತು ಮಾಡಿಕೊಂಡು ಓದ್ರಿ. ಮನೆಯ ಹೆಣ್ಣುಮಕ್ಕಳಿಗೂ ಓದಿ ಹೇಳ್ರಿ, ಯಾಕಂದ್ರೆ ಸೋರುವ ಮನೆಯಲ್ಲಿ ಬೋಗಾಣಿ ಇಡೋರು ಅವರೇ.

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಕಡೆಯ ಯಾವುದೇ ಊರಿಗೆ ಹೋಗ್ರಿ, ನಮ್ಮ ಕೇರಿ ಎಲ್ಲೈತಿ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಪತ್ರಾಸಿನ ಮೇಲೆ ಕಲ್ಲು, ಹಳೇ ಟೈರು, ಮುರಿದ ಒರಳು ಇಟ್ಟಿರೋ ಮನೆಗಳ ಸಾಲು ಕಂಡರೆ ಅದೇ ಕೇರಿ. ನಮ್ಮ ಕೊಗನೊಳ್ಳಿಯಲ್ಲೂ ಹಂಗೇ. ಹೆದ್ದಾರಿಯ ಟೋಲ್ ನಾಕಾದಲ್ಲಿ ದಿನಕ್ಕೆ ಸಾವಿರಾರು ಗಾಡಿ ದುಡ್ಡು ಕಟ್ಟಿ ಕೊಲ್ಲಾಪುರದ ಕಡೆ ಹೋಗ್ತಾವೆ. ಅಲ್ಲೇ ಪಕ್ಕದ ಊರಾಗ ಕಲ್ಲಿನ ಭಾರದ ಮೇಲೆ ನಿಂತ ಛಾವಣಿಗಳು.

ಆ ಕಲ್ಲು ಯಾಕೆ ಇಡ್ತೀವಿ? ಗಾಳಿಗೆ ಪತ್ರಾಸ್ ಹಾರಬಾರದು ಅಂತ. ಛಾವಣಿಯನ್ನು ಗೋಡೆಗೆ ಕಟ್ಟೋಕೆ ದುಡ್ಡು ಇರಲಿಲ್ಲ, ಕಲ್ಲಿಗೆ ದುಡ್ಡು ಬೇಕಾಗಿರಲಿಲ್ಲ. ಅಷ್ಟೇ ಕಾರಣ. ಆದರೆ ಆ ಕಲ್ಲು ಕೆಲಸ ಮಾಡ್ತದಾ? ನೋಡೋಣ.

ಗಾಳಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಬೀಸಿದರೆ ಒಂದು ಚದರ ಮೀಟರಿಗೆ ಸುಮಾರು 47 ಕಿಲೋ ಒತ್ತಡ ಬೀಳ್ತದೆ. ಹಗುರ ಛಾವಣಿ ಇದ್ದರೆ ಗಾಳಿ ಅದನ್ನು ಮೇಲಕ್ಕೆ ಎತ್ತತೊಡಗುತ್ತದೆ. ನಮ್ಮ ಮನೆಯಂಥ 58 ಚದರ ಮೀಟರಿನ ಛಾವಣಿಗೆ ಅದು ಎರಡೂವರೆ ಟನ್ನಿನ ಮೇಲೆ ಆಗ್ತದೆ. ಹತ್ತು ಕಿಲೋದ ಹತ್ತು ಕಲ್ಲು ಇಟ್ಟರೂ ಒಂದು ಕ್ವಿಂಟಲ್. ಎರಡೂವರೆ ಟನ್ ಎತ್ತುವ ಗಾಳಿಗೆ ಒಂದು ಕ್ವಿಂಟಲ್ ಕಲ್ಲು ಏನು ಲೆಕ್ಕ? ಪತ್ರಾಸ್ ಹಾರ್ತದೆ, ಕಲ್ಲು ಒಳಗೆ ಮಲಗಿದವರ ಮೇಲೆ ಬೀಳ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಇಂಥ ಸುದ್ದಿ ಪ್ರತಿ ವರ್ಷ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬರ್ತದೆ.

ಈ ವರ್ಷ ನಮ್ಮ ಮನೆಯ ಛಾವಣಿ ಬದಲಿಸಲೇಬೇಕು. 20 ಅಡಿ ಅಗಲ, 24 ಅಡಿ ಉದ್ದದ ಮನೆ. ಕಲ್ಲಿನ ಗೋಡೆ, ಒಳಗೆ ಮಣ್ಣಿನ ಗಾರೆ, ಮೇಲೆ ಮಂಗಳೂರು ಹೆಂಚು. ಜಂತಿಗೆ ಗೆದ್ದಲು ಹಿಡಿದಿದೆ, ಅರ್ಧ ಹೆಂಚು ಒಡೆದಿವೆ, ಹಿಂದಿನ ಭಾಗಕ್ಕೆ ಹಳೇ ತಗಡು, ಅದರ ಮೇಲೆ ಕಲ್ಲು. ಅವ್ವ ಬೀಡಿ ಕಟ್ಟತಾಳೆ. ನಿಪ್ಪಾಣಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳ್ತೀನಿ: ಕಟ್ಟಿದ ಬೀಡಿಗೆ ತಂಪು ಹಿಡಿದರೆ ಬೂಸ್ಟ್ ಬರ್ತದೆ, ಬೂಸ್ಟ್ ಬಂದ ಬೀಡಿ ತೆಗೆದು ಹಾಕ್ತಾರೆ, ಆ ಕೂಲಿ ಹೋಯ್ತು. ಅಂದರೆ ಸೋರುವ ಛಾವಣಿ ಮಳೆಗಾಲ ಪೂರ್ತಿ ಅವ್ವನ ಸಂಬಳ ಕಡಿತ ಮಾಡ್ತದೆ. ಇದೂ ಛಾವಣಿಯ ಖರ್ಚೇ. ಯಾವ ಎಸ್ಟಿಮೇಟಿನಲ್ಲೂ ಬರೆಯೋದಿಲ್ಲ.

ಅವ್ವ, ನಾನು, ತಮ್ಮ ಮೂವರೂ ಕೂತು ನೋಟ್‌ಬುಕ್ಕಿನಲ್ಲಿ ಮೂರು ಲೆಕ್ಕ ಬರೆದೆವು. ಅವ್ವಂದು ಒಂದೇ ಮಾತು:

"ಸ್ಲ್ಯಾಬ್ ಹಾಕಸು ಯವ್ವಾ. ಪತ್ರಾಸ್ ಮನಿ ಅಂದ್ರ ಬೀಗರು ಮೂಗು ಮುರೀತಾರ. ನಿಮ್ಮಪ್ಪ ಊರ ಮಂದಿ ಮನಿಗೆಲ್ಲಾ ಕಾಂಕ್ರೀಟ್ ಹೊತ್ತ, ನಮ್ಮ ತಲಿ ಮ್ಯಾಲ ಒಂದ ಬುಟ್ಟಿ ಬೀಳಲಿಲ್ಲ."

ಈ ಮಾತಿಗೆ ಎದುರು ಹೇಳೋದು ಸುಲಭ ಅಲ್ಲ. ಸ್ಲ್ಯಾಬ್ ಅಂದರೆ ನಮ್ಮವರಿಗೆ ಬರೀ ಸಿಮೆಂಟ್ ಅಲ್ಲ, ಅದು ಮಾನ. ಆದರೂ ಗೌಂಡಿ ಕಾಕಾನ್ನ ಕರೆದು ತೋರಿಸಿದೆವು. ಅವರು ಗೋಡೆಯ ಸಂದಿಯಲ್ಲಿ ಸಣ್ಣ ರಾಡ್ ಹಾಕಿ ಕೆದರಿದರು. ಮಣ್ಣು ಉದುರಿತು. "ಅಕ್ಕಾರ, ಈ ಗ್ವಾಡಿ ಮ್ಯಾಲ ಸ್ಲ್ಯಾಬ್ ಬ್ಯಾಡ್ರಿ. ಹೆಂಚ ಹೊತ್ತೈತಿ, ಅದನ್ನ ಹೊರೂದಿಲ್ಲ" ಅಂದರು.

ಯಾಕೆ ಹೊರೋದಿಲ್ಲ ಅಂತ ತೂಕ ಹಾಕಿ ನೋಡಿದೆ. ನಮ್ಮ ಮನೆಗೆ ಸುಮಾರು 1,150 ಹೆಂಚು ಬೇಕು. ಒಂದು ಹೆಂಚು ಎರಡೂವರೆ ಕಿಲೋ ಹಿಡಿದರೂ ಮೂರು ಟನ್ನಿನ ಒಳಗೆ. ಪತ್ರಾಸು, ಕಬ್ಬಿಣದ ಪೈಪು ಸೇರಿ ಮುಕ್ಕಾಲು ಟನ್. 5 ಇಂಚಿನ ಸ್ಲ್ಯಾಬ್ ಹಾಕಿದರೆ ಹದಿನಾಲ್ಕು ಟನ್! ಹೆಂಚಿನ ಐದು ಪಟ್ಟು ಭಾರ. ಮಣ್ಣಿನ ಗಾರೆ ಗೋಡೆ ಮೇಲೆ ಇದನ್ನು ಹೇರಿದರೆ ಮೊದಲ ದೊಡ್ಡ ಮಳೆಗೆ ಗೋಡೆ ಹೊಟ್ಟೆ ಬಿಡ್ತದೆ. ಸ್ಲ್ಯಾಬ್ ಬೇಕು ಅಂದರೆ ಕಾಲಮ್, ಬೀಮ್, ಹೊಸ ಪಾಯ ಬೇಕು. ಅಂದರೆ ಹೊಸ ಮನೆಯೇ. ನಮ್ಮ ಕಡೆ ಈಗ ಹೇಳ್ತಿರೋ ದರ ಚದರಡಿಗೆ 1,700 ಹಿಡಿದರೆ 480 ಚದರಡಿಗೆ 8 ಲಕ್ಷದ 16 ಸಾವಿರ. ಅವ್ವ ನೋಟ್‌ಬುಕ್ ಮುಚ್ಚಿದಳು.

ಎರಡನೇ ಲೆಕ್ಕ ಮತ್ತೆ ಹೆಂಚೇ ಹಾಕೋದು. ಹಳೇ ಹೆಂಚಿನಲ್ಲಿ 600 ಚಲೋ ಇವೆ, 550 ಹೊಸದು ತರಬೇಕು. ಹೆಂಚಿನ ಖರ್ಚು 19 ಸಾವಿರ ಅಷ್ಟೇ. ಹೊಡೆತ ಇರೋದು ಕಟ್ಟಿಗೆಯಲ್ಲಿ. ಜಂತಿ, ರೀಪು ಸೇರಿ 58 ಸಾವಿರ, ಬಡಿಗರ ಕೂಲಿ 25 ಸಾವಿರ. ಗೋಡೆ ತಲೆಯ ಬೀಮು, ಬಿಚ್ಚುವ ಕೂಲಿ, ವೈರಿಂಗ್ ಎಲ್ಲಾ ಸೇರಿ 1,43,000. ಅದರ ಮೇಲೆ ನೂರಕ್ಕೆ ಹತ್ತು ಕೈಕಾಯ್ದು ಇಟ್ಟರೆ 1,57,300. ಹೆಂಚು ತಂಪು, ಮಳೆ ಸಪ್ಪಳ ಇಲ್ಲ. ಆದರೆ ಬಡವರ ಛಾವಣಿ ಅಂತ ಹೆಸರಾಗಿದ್ದ ಹೆಂಚು ಈಗ ಪತ್ರಾಸಿಗಿಂತ ತುಟ್ಟಿ.

ಮೂರನೇದು ಪತ್ರಾಸ್, ಆದರೆ ಕಲ್ಲು ಇಡದ ಪತ್ರಾಸ್. ಇದನ್ನು ಸಾಲಾಗಿ ಬರೀತೀನಿ, ನಿಮಗೆ ಉಪಯೋಗ ಆಗಲಿ. ದರ ನಮ್ಮ ಕಡೆ ಕೇಳಿದ್ದು, ನಿಮ್ಮೂರಲ್ಲಿ ಬ್ಯಾರೆ ಇರಬಹುದು.

– ಬಣ್ಣದ ಪತ್ರಾಸ್, ಅರ್ಧ ಮಿಲಿಮೀಟರ್ ದಪ್ಪ, 710 ಚದರಡಿ: 30,000
– ಕಬ್ಬಿಣದ ಚೌಕ ಪೈಪು, 450 ಕಿಲೋ: 34,000
– ವೆಲ್ಡಿಂಗ್, ಏರಿಸಿ ಕೂರಿಸುವ ಕೂಲಿ: 12,000
– ಸ್ಕ್ರೂ, ರಬ್ಬರ್ ವಾಷರ್, ಮೇಲಿನ ಮಡಿಕೆ, ನೀರಿನ ದೋಣಿ: 6,000
– ಗೋಡೆಯ ತಲೆ ಮೇಲೆ ಸುತ್ತಲೂ ನಾಲ್ಕು ರಾಡಿನ ಕಾಂಕ್ರೀಟ್ ಬೀಮು: 28,000
– ಹಳೇದು ಬಿಚ್ಚಿ ಇಳಿಸಿ ಸಾಗಿಸೋದು: 6,000
– ತಾಡಪತ್ರಿ, ಸಾಮಾನು ಬ್ಯಾರೆ ಕಡೆ ಇಡೋದು: 3,000
– ವೈರಿಂಗ್: 4,000

ಒಟ್ಟು 1,23,000. ನೂರಕ್ಕೆ ಹತ್ತು ಕೈಕಾಯ್ದು 12,300. ಕೂಡಿಸಿದರೆ 1,35,300.

ಇದರಲ್ಲಿ 28 ಸಾವಿರದ ಬೀಮನ್ನು ಎಲ್ಲರೂ ಮೊದಲು ಕಾಟು ಹಾಕ್ತಾರೆ. "ಅದ್ಯಾಕ್ರಿ ಬೇಕು, ಗ್ವಾಡಿ ಮ್ಯಾಲ ನೇರ ಪೈಪ್ ಇಟ್ರ ಆತು" ಅಂತಾರೆ. ಬೇಡ್ರಿ. ಆ ಬೀಮು ನಾಲ್ಕೂ ಗೋಡೆಗಳನ್ನು ಕೈಕೈ ಹಿಡಿಸ್ತದೆ. ಪೈಪನ್ನು ಅದರೊಳಗಿನ ರಾಡಿಗೆ ಬೆಸೆದರೆ ಗಾಳಿ ಬರೀ ಪತ್ರಾಸನ್ನಲ್ಲ, ಗೋಡೆಯನ್ನೂ ಎತ್ತಬೇಕಾಗ್ತದೆ. ಕಲ್ಲು ಮಾಡಲಾಗದ ಕೆಲಸ ಇದು ಮಾಡ್ತದೆ. ಕಡಿಮೆ ಮಾಡಲೇಬೇಕಾದರೆ ಬಣ್ಣ ಬಿಡ್ರಿ, ಸೀಲಿಂಗ್ ಬಿಡ್ರಿ, ಬೀಮು ಬಿಡಬ್ಯಾಡ್ರಿ.

ಇನ್ನೊಂದು ಮಾತು. ಅಗ್ಗ ಅಂತ ಆಸ್ಬೆಸ್ಟಾಸ್ ಸಿಮೆಂಟ್ ಶೀಟ್ ಹಾಕಬ್ಯಾಡ್ರಿ. ಎಲ್ಲಾ ತರದ ಆಸ್ಬೆಸ್ಟಾಸ್ ಕ್ಯಾನ್ಸರ್ ತರ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಈಗಾಗಲೇ ಇದ್ದರೆ ಬಿಚ್ಚುವಾಗ ಸುತ್ತಿಗೆಯಿಂದ ಒಡೀಬ್ಯಾಡ್ರಿ, ಗರಗಸ ಹಾಕಬ್ಯಾಡ್ರಿ. ನೀರು ಹೊಡೆದು ತೋಯಿಸಿ, ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಇಡೀ ಶೀಟ್ ಇಳಿಸ್ರಿ. ಹಳೇ ಶೀಟಿನ ಮೇಲೆ ನೇರ ಕಾಲಿಡಬ್ಯಾಡ್ರಿ, ಮುರಿದು ಕೆಳಗೆ ಬೀಳ್ತೀರಿ. ಊರವರ ಛಾವಣಿ ಏರೋರೂ ನಮ್ಮ ಹುಡುಗರೇ, ಬಿದ್ದು ಸೊಂಟ ಮುರಕೊಳ್ಳೋರೂ ಅವರೇ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರ್ತೀನಿ.

ಲೆಕ್ಕ ಮುಗಿಸಿದ ಮೇಲೆ ತಮ್ಮ ಅಂದ: "ನಾವ ಮೂರೂ ಮಂದಿ ಹನ್ನೆರಡ ದಿನ ದುಡಿದ್ರ ಆ ಕೂಲಿ ಉಳೀತೈತಿ ಅಲ್ಲಕ್ಕಾ." ನಾನು ಅದನ್ನು ಉಳಿತಾಯ ಅಂತ ಬರೆಯಲಿಲ್ಲ. ಖರ್ಚು ಅಂತ ಬರೆದೆ. ಮೂರು ಮಂದಿ, ಹನ್ನೆರಡು ದಿನ, ದಿನಕ್ಕೆ 500: 18,000. ನಿಜವಾದ ಒಟ್ಟು 1,53,300.

"ನಮ್ಮ ಮನಿ ಕೆಲಸಕ್ಕ ನಮಗ ಯಾವ ಪಗಾರ?" ಅಂತ ಅವ್ವ ನಕ್ಕಳು. ಆದರೆ ವಿಚಾರ ಮಾಡ್ರಿ. ಆ ಹನ್ನೆರಡು ದಿನ ಅವ್ವ ಬೀಡಿ ಕಟ್ಟೋದಿಲ್ಲ, ತಮ್ಮ ಕೆಲಸಕ್ಕೆ ಹೋಗೋದಿಲ್ಲ. ಅದು ದುಡ್ಡು ಅಲ್ಲದೆ ಏನು? ನಮ್ಮ ಕೂಲಿಯನ್ನು ಸೊನ್ನೆ ಅಂತ ಬರೆಯೋ ಅಭ್ಯಾಸ ನಮಗೆ ಯಾರು ಕಲಿಸಿದರು? ಊರಿನ ಬಿಟ್ಟಿ ಚಾಕರಿ ಕಲಿಸಿತು. ನಮ್ಮ ಚಿಕ್ಕೋಡಿ ಸೀಮೆ ಮುಂಬೈ ಪ್ರಾಂತದಲ್ಲಿ ಇದ್ದಾಗ, 1928ರಲ್ಲಿ, ಬಾಬಾಸಾಹೇಬರು ಮುಂಬೈ ಶಾಸನ ಪರಿಷತ್ತಿನಲ್ಲಿ ಮಹಾರ ವತನದ ಮಸೂದೆ ತಂದರು. ಹಗಲು ರಾತ್ರಿ ಸರಕಾರಿ ಚಾಕರಿ ಮಾಡಿಸಿಕೊಂಡು ಅದಕ್ಕೆ ತಕ್ಕ ಸಂಬಳ ಕೊಡದ ಪದ್ಧತಿಯ ವಿರುದ್ಧದ ಹೋರಾಟ ಅದು. ಕೂಲಿಯನ್ನು ಲೆಕ್ಕಕ್ಕೆ ಹಿಡೀರಿ ಅಂತ ಅವರು ಶಾಸನ ಸಭೆಯಲ್ಲಿ ಜಗಳ ಮಾಡಿದರು. ನಾವು ನಮ್ಮ ನೋಟ್‌ಬುಕ್ಕಿನಲ್ಲೇ ಸೊನ್ನೆ ಬರೆದರೆ ಹೆಂಗೆ?

ಸರಕಾರದ ಲೆಕ್ಕವನ್ನೂ ನೋಡೋಣ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಗೆ 1.20 ಲಕ್ಷ ರೂಪಾಯಿ. 2016ರಲ್ಲಿ ಶುರುವಾದಾಗ ಎಷ್ಟಿತ್ತೋ ಅಷ್ಟೇ. ಕನಿಷ್ಠ 25 ಚದರ ಮೀಟರಿನ ಮನೆ ಕಟ್ಟಬೇಕು, ಅಂದರೆ 269 ಚದರಡಿ. 1,700ರ ದರದಲ್ಲಿ ಅದು ನಾಲ್ಕೂವರೆ ಲಕ್ಷ ಮೀರ್ತದೆ. ರಾಜ್ಯದ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ ಯೋಜನೆಯಲ್ಲಿ ಹಳ್ಳಿಯ ಪರಿಶಿಷ್ಟರಿಗೆ 1.75 ಲಕ್ಷ. ಉಳಿದದ್ದರಲ್ಲಿ ದೊಡ್ಡ ಪಾಲು? ನಿಮ್ಮ ಕೈಯಿಂದ, ನಿಮ್ಮ ಮೈಯಿಂದ, ನಿಮ್ಮ ಸಾಲದಿಂದ. ದೂಧಗಂಗೆಯ ಆಚೆ ಮಹಾರಾಷ್ಟ್ರದಲ್ಲಿ ನಮ್ಮವರಿಗೆ ರಮಾಯಿ ಆವಾಸ್ ಯೋಜನೆ ಐತಿ. ಆಚೆ ತಾಯಿಯ ಹೆಸರು, ಈಚೆ ತಂದೆಯ ಹೆಸರು. ಮಳೆ ಎರಡೂ ಕಡೆ ಒಂದೇ, ಪತ್ರಾಸಿನ ಮೇಲಿನ ಕಲ್ಲೂ ಒಂದೇ.

ಕೇಂದ್ರದ ಯೋಜನೆಯಲ್ಲಿ ಗುಡ್ಡಗಾಡು ರಾಜ್ಯಗಳಿಗೆ ಹತ್ತು ಸಾವಿರ ಹೆಚ್ಚು, 1.30 ಲಕ್ಷ. ಕಾಶ್ಮೀರ, ಹಿಮಾಚಲದಲ್ಲಿ ಹಿಮ ಬೀಳ್ತದೆ. ಹಿಮ ನಿಂತರೆ ಮನೆ ಮೇಲೆ ಭಾರ, ಅದಕ್ಕೇ ಅಲ್ಲಿ ಕಡಿದಾದ ಇಳಿಜಾರು ಮಾಡಿ ತಗಡು ಹಾಕ್ತಾರೆ, ಜಾರಿ ಬೀಳಲಿ ಅಂತ. ಅವರಿಗೆ ಹೆಚ್ಚು ಕೊಟ್ಟದ್ದು ನ್ಯಾಯವೇ, ಇನ್ನೂ ಕೊಡಬೇಕು. ಆದರೆ ಅಲ್ಲಿ ಛಾವಣಿಯನ್ನು ಹಿಮ ಮೇಲಿಂದ ಒತ್ತಿದರೆ ಇಲ್ಲಿ ಗಾಳಿ ಕೆಳಗಿಂದ ಎತ್ತತದೆ. 2019ರ ಆಗಸ್ಟಿನಲ್ಲಿ ಯಮಗರ್ಣಿ ಹತ್ತಿರ ವೇದಗಂಗೆ ಹೆದ್ದಾರಿ ಮೇಲೆ ಹರಿದು ಬೆಳಗಾವಿ-ಕೊಲ್ಲಾಪುರ ರಸ್ತೆ ಬಂದ್ ಆಗಿತ್ತು, 2021ರ ಜುಲೈನಲ್ಲಿ ಮತ್ತೆ ಆಯ್ತು. ನಮ್ಮ ಸೀಮೆಯ ಮಳೆ-ಗಾಳಿಗೆ ಆ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚಿಲ್ಲ.

ಅದಿರಲಿ, ಪತ್ರಾಸು ಮತ್ತು ಪೈಪಿನ 64 ಸಾವಿರದ ಬಿಲ್ಲಿನಲ್ಲಿ ಜಿಎಸ್‌ಟಿ ನೂರಕ್ಕೆ 18. ಅಂದರೆ ನಾವು ಕಟ್ಟೋ ತೆರಿಗೆ ಹತ್ತಿರ ಹತ್ತಿರ 9,700. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ 28ರಿಂದ 18ಕ್ಕೆ ಇಳಿಯಿತು, ಒಳ್ಳೇದಾಯ್ತು. ಆದರೆ "ಇವರಿಗೆ ಎಲ್ಲಾ ಪುಕ್ಕಟೆ" ಅನ್ನೋರಿಗೆ ಈ ಬಿಲ್ ತೋರಿಸ್ರಿ.

ಇನ್ನೂ ದೊಡ್ಡ ಗೋಳು ಒಂದೈತಿ. ಈ ಯೋಜನೆಗಳೆಲ್ಲಾ ಹೊಸ ಮನೆಗೆ. ಗೋಡೆ ಗಟ್ಟಿ ಐತಿ, ಛಾವಣಿ ಅಷ್ಟೇ ಬದಲಿಸಬೇಕು ಅಂದರೆ ಅದಕ್ಕೆ ಖಾನೆ ಇಲ್ಲ. ಹಿಂದೆ ಇಂದಿರಾ ಆವಾಸ್ ಯೋಜನೆಯಲ್ಲಿ ಕಚ್ಚಾ ಮನೆ ಸುಧಾರಣೆಗೂ ಸ್ವಲ್ಪ ಹಣ ಇತ್ತು, ಅದೂ ಹೋಯ್ತು. ಇತ್ತ 2011ರ ಸಾಮಾಜಿಕ-ಆರ್ಥಿಕ ಮತ್ತು ಜಾತಿ ಗಣತಿಯ ಪಟ್ಟಿ ಹಿಡಿದು, ಪಕ್ಕಾ ಛಾವಣಿ ಅಥವಾ ಪಕ್ಕಾ ಗೋಡೆ ಇದ್ದವರನ್ನು, ಎರಡಕ್ಕಿಂತ ಹೆಚ್ಚು ಕೋಣೆ ಇದ್ದವರನ್ನು ಹೊರಗೆ ಹಾಕಿದರು. ಗಣತಿಯ ಲೆಕ್ಕದಲ್ಲಿ ತಗಡೂ ಪಕ್ಕಾ ಸಾಮಾನೇ! ಕಲ್ಲು ಇಟ್ಟು ನಿಲ್ಲಿಸಿದ ತಗಡಿಗೂ, ಬೀಮಿಗೆ ಬೆಸೆದ ತಗಡಿಗೂ ಫಾರ್ಮಿನಲ್ಲಿ ಒಂದೇ ಖಾನೆ. ಸಾಲ ಮಾಡಿ ನಾಲ್ಕು ತಗಡು ಹಾಕಿಕೊಂಡವರು ಅದರಿಂದಲೇ ಪಟ್ಟಿ ತಪ್ಪಿದರು. 2027ರ ಜನಗಣತಿಯ ಮನೆಪಟ್ಟಿ ಬರೆಯೋರು ಬಾಗಿಲಿಗೆ ಬಂದಾಗ ಸಂಕೋಚ ಮಾಡದೆ ಇದ್ದದ್ದು ಇದ್ದಂಗೆ ಹೇಳ್ರಿ. ಮರ್ಯಾದೆಗೆ ಅಂಜಿ "ಮನಿ ಚಲೋ ಐತ್ರಿ" ಅನ್ನಬ್ಯಾಡ್ರಿ.

ಕಂತಿನ ಕಥೆ ಬ್ಯಾರೆ. ರಾಜ್ಯದ ಯೋಜನೆಯಲ್ಲಿ ಪಾಯ, ಲಿಂಟಲ್, ಛಾವಣಿ, ಪೂರ್ಣ ಅಂತ ಹಂತ ಹಂತವಾಗಿ ಫೋಟೋ ತೆಗೆದ ಮೇಲೆ ಹಣ. ಅಂದರೆ ಮೊದಲು ನೀವು ಕಟ್ಟಬೇಕು, ಆಮೇಲೆ ಸರಕಾರ ಕೊಡ್ತದೆ. ನಮ್ಮ ಕೇರಿಯ ಒಂದು ಕುಟುಂಬ ಮಂಜೂರಾತಿ ಪತ್ರ ಬಂದ ಖುಷಿಗೆ ಹಳೇ ಮನೆ ಕೆಡವಿತು. ಕಂತು ತಡ ಆಯ್ತು, ಗೋಡೆ ಲಿಂಟಲ್‌ಗೆ ನಿಂತಿತು. ಒಂದು ಮಳೆಗಾಲ ಪೂರ್ತಿ ಐದು ಮಂದಿ ತಾಡಪತ್ರಿ ಕೆಳಗೆ. ಆ ಮನೆಯ ಅಜ್ಜಿ ಅಂದದ್ದು ಇನ್ನೂ ನೆನಪೈತಿ: "ಸೋರತಿತ್ತು ಖರೇ, ಆದ್ರ ಮನಿ ಇತ್ತಲ್ಲವಾ."

ಅದಕ್ಕೇ ಈ ಸಾಲನ್ನು ಗೋಡೆ ಮೇಲೆ ಬರೆದಿಡ್ರಿ: ದುಡ್ಡು ಕೈಗೆ ಬಂದು, ಸಾಮಾನು ಅಂಗಳಕ್ಕೆ ಬಂದು, ಗೌಂಡಿ ತಾರೀಖು ಹೇಳೋ ತನಕ ಒಂದು ಹೆಂಚೂ ಇಳಿಸಬಾರದು.

ದುಡ್ಡು ಎಲ್ಲಿಂದ? ನಮ್ಮದು ಹೇಳ್ತೀನಿ. ಅವ್ವನ ಸಂಘದ ಉಳಿತಾಯ 40 ಸಾವಿರ, ತಮ್ಮಂದು 25 ಸಾವಿರ. ಇನ್ನು 70 ಸಾವಿರ ಸಾಲ ಬೇಕು. ಮನೆಗೆ ಬರೋ ಫೈನಾನ್ಸಿನವರು ವರ್ಷಕ್ಕೆ ನೂರಕ್ಕೆ 24 ಹೇಳಿದರು. ಎರಡು ವರ್ಷಕ್ಕೆ ತಿಂಗಳ ಕಂತು 3,701, ಬಡ್ಡಿಯೇ 18,800. ಅವ್ವನ ಸಂಘದಲ್ಲಿ ವರ್ಷಕ್ಕೆ ನೂರಕ್ಕೆ 12. ಕಂತು 3,295, ಬಡ್ಡಿ 9,083. ಫರಕು 9,700 ರೂಪಾಯಿ. ಬೀಮಿನ ಮೂರನೇ ಒಂದು ಭಾಗ ಬಂದು ಹೋಯ್ತು ಇದರಲ್ಲಿ. ಸಾಲ ವಸೂಲಿಯ ಕಿರುಕುಳ ತಡೆಯೋಕೆ ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಕಾನೂನು ಕಿರುಕುಳ ತಡೀಬಹುದು, ಬಡ್ಡಿ ಕಟ್ಟೋರು ನಾವೇ. ಸಹಿ ಮಾಡೋಕೆ ಮುಂಚೆ ಒಟ್ಟು ಎಷ್ಟು ವಾಪಸ್ ಕಟ್ಟಬೇಕು ಅನ್ನೋದನ್ನ ಬರೆಸಿಕೊಳ್ರಿ.

ಬ್ಯಾಂಕ್ ಯಾಕೆ ಇಲ್ಲ ಅಂತ ಕೇಳಬಹುದು. ಮನೆಯ ಉತಾರ ಇನ್ನೂ ಅಜ್ಜನ ಹೆಸರಲ್ಲಿ. ಇ-ಸ್ವತ್ತು ಆಗಬೇಕು, ವಾರಸಾ ಆಗಬೇಕು. ಕೇರಿಯಲ್ಲಿ ಅರ್ಧಕ್ಕೂ ಹೆಚ್ಚು ಮನೆಗಳ ಕಥೆ ಇದೇ. ತಲೆಮಾರಿನಿಂದ ಬಾಳಿದ ಜಾಗಕ್ಕೆ ಕಾಗದ ಇಲ್ಲ, ಕಾಗದ ಇಲ್ಲದ್ದಕ್ಕೆ ಅಗ್ಗದ ಸಾಲ ಇಲ್ಲ. ಛಾವಣಿ ಬದಲಿಸೋ ವಿಚಾರ ಇದ್ದವರು ಇವತ್ತೇ ಉತಾರದ ಕೆಲಸ ಹಚ್ಚಿರಿ. ಹೆಸರು ಹಾಕಿಸುವಾಗ ಮನೆಯ ಹೆಣ್ಣುಮಗಳ ಹೆಸರೂ ಹಾಕಿಸ್ರಿ.

1925ರ ಏಪ್ರಿಲ್‌ನಲ್ಲಿ ಬಾಬಾಸಾಹೇಬರು ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿದರು. ಅದರ ಶತಮಾನೋತ್ಸವ ಮೊನ್ನೆ ಮೊನ್ನೆ ಮಾಡಿದೆವು. ಅದೇ 1925ರಲ್ಲಿ ಲಂಡನ್ನಿನಲ್ಲಿ ಅವರ ಒಂದು ಪುಸ್ತಕ ಅಚ್ಚಾಯಿತು. ಬ್ರಿಟಿಷ್ ಇಂಡಿಯಾದ ಪ್ರಾಂತಗಳ ಹಣಕಾಸಿನ ಬಗ್ಗೆ, ಅಂದರೆ ಸರಕಾರದ ದುಡ್ಡು ಎಲ್ಲಿಂದ ಬರ್ತದೆ, ಯಾರ ಕೈಗೆ ಹೋಗ್ತದೆ ಅನ್ನೋದರ ಬಗ್ಗೆ. ನಮ್ಮೂರ ಹತ್ತಿರ ಬಂದು ಹೋದ ಆ ಮನುಷ್ಯ ಮೊದಲು ಲೆಕ್ಕ ಬಲ್ಲವರು. ಅವರ ಫೋಟೋ ಕೇರಿಯ ಪ್ರತಿ ಮನೆಯಲ್ಲಿ ಐತಿ. ಲೆಕ್ಕದ ನೋಟ್‌ಬುಕ್ ಎಷ್ಟು ಮನೆಯಲ್ಲಿ ಐತಿ?

ನಮ್ಮ ಬೇಡಿಕೆಗಳಿಗೂ ಈ ಲೆಕ್ಕವೇ ಬಲ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಪ್ರಕಾರ ನಮ್ಮ ಜನಸಂಖ್ಯೆಗೆ ತಕ್ಕ ಪಾಲು ನಮಗೇ ಖರ್ಚಾಗಬೇಕು. ಹಣ ಬೇರೆ ಕಡೆ ತಿರುಗಿಸೋಕೆ ದಾರಿಯಾಗಿದ್ದ 7(ಡಿ) ಕಲಂ ತೆಗೆಸೋಕೆ ವರ್ಷಗಟ್ಟಲೆ ಹೋರಾಡಿದೆವು, 2023ರಲ್ಲಿ ತೆಗೆದರು. ಗ್ರಾಮ ಪಂಚಾಯಿತಿ ತನ್ನ ಆದಾಯದಲ್ಲಿ ನೂರಕ್ಕೆ 25 ಪರಿಶಿಷ್ಟರಿಗೆ ಖರ್ಚು ಮಾಡಬೇಕು. ಮುಂದಿನ ಗ್ರಾಮಸಭೆಯಲ್ಲಿ ಬರೀ ಘೋಷಣೆ ಬೇಡ, ಬರವಣಿಗೆಯಲ್ಲಿ ಕೇಳೋಣ:

1. ಕೇರಿಯಲ್ಲಿ ಕಲ್ಲಿಟ್ಟು ನಿಲ್ಲಿಸಿದ ಛಾವಣಿ ಎಷ್ಟು ಅಂತ ಪಂಚಾಯಿತಿ ಮಳೆಗಾಲಕ್ಕೆ ಮುಂಚೆ ಪಟ್ಟಿ ಮಾಡಲಿ.
2. ಗೋಡೆ ಉಳಿಸಿಕೊಂಡು ಛಾವಣಿ ಬದಲಿಸೋರಿಗೆ ಬ್ಯಾರೆ ಸಹಾಯಧನ ಇರಲಿ. 8 ಲಕ್ಷದ ಮನೆಗೆ 1.75 ಲಕ್ಷ ಕೊಟ್ಟು ಅರ್ಧಕ್ಕೆ ನಿಲ್ಲಿಸೋದಕ್ಕಿಂತ 1.53 ಲಕ್ಷದಲ್ಲಿ ಒಂದು ಮನೆಯ ಛಾವಣಿ ಪೂರ್ತಿ ಮುಗೀತದೆ.
3. ಮನೆ ಬಿಚ್ಚುವ ಮೊದಲೇ ಮೊದಲ ಕಂತು ಖಾತೆಗೆ ಬೀಳಲಿ.
4. ಉತಾರ, ವಾರಸಾ, ಇ-ಸ್ವತ್ತು ಕೆಲಸಕ್ಕೆ ಕೇರಿಗೇ ಬಂದು ಶಿಬಿರ ಮಾಡಲಿ.

ನಮ್ಮ ಮನೆಗೆ ಪತ್ರಾಸ್ ಅಂತ ತೀರ್ಮಾನ ಆಗಿದೆ. ಅವ್ವನಿಗೆ ಪೂರಾ ಸಮಾಧಾನ ಇಲ್ಲ, ಅದನ್ನು ಮುಚ್ಚಿಡೋದಿಲ್ಲ. ಸೆಕೆಗೆ ಏನು ಮಾಡ್ತಿ, ಮಳೆ ಸಪ್ಪಳಕ್ಕೆ ಏನು ಮಾಡ್ತಿ ಅಂತ ದಿನಾ ಕೇಳ್ತಾಳೆ. ಚಲೋ ಉಳಿದ 600 ಹೆಂಚು ಮಾರೋದು ಬೇಡ, ಹಿತ್ತಲ ಅಡುಗೆ ಮನೆಗೆ ಹಾಕೋಣ ಅಂತ ಅವಳೇ ದಾರಿ ಹೇಳಿದಳು. ಬೀಡಿ ಕಟ್ಟೋಕೆ ಅಲ್ಲೇ ಕೂಡ್ತಾಳಂತೆ, ತಂಪು ಇರ್ತದೆ ಅಂತ.

ನಿಮ್ಮ ಮನೆಯ ಅಳತೆ, ಗೋಡೆ ಎಂಥದ್ದು, ನಿಮ್ಮೂರಿನ ದರ ಎಷ್ಟು ಅಂತ ಕಮೆಂಟಿನಲ್ಲಿ ಬರೀರಿ. ಗೌಂಡಿ, ವೆಲ್ಡಿಂಗ್ ಕೆಲಸ ಬಲ್ಲ ನಮ್ಮ ತಮ್ಮಂದಿರು ತಪ್ಪಿದ್ದರೆ ತಿದ್ರಿ. ಹತ್ತು ಮನೆಯವರು ಕೂಡಿ ಪತ್ರಾಸು, ಪೈಪು ಒಮ್ಮೆಗೇ ತಂದರೆ ದರಾನೂ ಇಳೀತದೆ, ಸಾಗಾಟಾನೂ ಉಳೀತದೆ. ಮುಯ್ಯಿ ಮೇಲೆ ಒಬ್ಬರಿಗೊಬ್ಬರು ದುಡಿಯೋಣ. ಆದರೆ ಯಾರು ಎಷ್ಟು ದಿನ ದುಡಿದರು ಅಂತ ಬರೆದಿಡೋಣ. ಸೊನ್ನೆ ಬರೆಯೋದು ಬೇಡ.

ಜೈ ಭೀಮ್.